ಆರು ಇಂಚಿನ ಪರದೆ

ತಿಂಗಳುಗಟ್ಟಲೆ ಬಾಕಿಯಿದ್ದ ಫೆಲೋಶಿಪ್ ಹಣ ಬಂತು. ಲ್ಯಾಪ್‌ಟಾಪ್ ನೋಡಿ ನೋಡಿ ಕಣ್ಣುರಿ, ಇ-ರೀಡರ್ ಕೊಳ್ಳೋಣವೆಂದುಕೊಂಡೆ.

ಗೆಳತಿಯ ಆರು ಇಂಚಿನ ಕಿಂಡಲ್ ಹಗುರ, ಬೆಲೆಯೂ ಕೈಗೆಟುಕುವಂಥದ್ದು. ಅದರಲ್ಲಿ ಇಂಗ್ಲಿಷ್ ಕಾದಂಬರಿಯ ಅಕ್ಷರ ಹಿಗ್ಗಿಸಿದರೆ ಸಾಲುಗಳು ತಾವೇ ಹೊಂದಿಕೊಂಡವು. ಆಮೇಲೆ 1894ರ ಕಿಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿ ತೆರೆದೆ. ಒತ್ತಕ್ಷರಗಳೆಲ್ಲ ಇರುವೆ ಸಾಲು! ಸ್ಕ್ಯಾನ್ ಪುಟವೆಂದರೆ ಬರೀ ಚಿತ್ರ. ದೊಡ್ಡದು ಮಾಡಿದರೆ ಪ್ರತಿ ಸಾಲಿಗೂ ಅತ್ತಿತ್ತ ಎಳೆಯಬೇಕು. ನನ್ನ ಸಂಶೋಧನೆಗೆ ಬೇಕಾದ ಹಳೆಯ ಕನ್ನಡ ಪುಸ್ತಕಗಳು ಹೆಚ್ಚಿನವು ಇಂಥವೇ.

‘ಸದ್ಯಕ್ಕೆ ಚಿಕ್ಕದೇ ತಗೊಳ್ಳೇ, ಅದರಲ್ಲಿ ಓದೋಕಾಗೋದನ್ನ ಓದು’ ಎಂದಳು ಗೆಳತಿ.

ಆ ಮಾತೇ ನನ್ನನ್ನು ಹೆದರಿಸಿತು. ಪರದೆಗೆ ಹಿಡಿಸಿದ್ದನ್ನಷ್ಟೇ ಓದುತ್ತಾ ಹೋದರೆ, ನನ್ನ ಪ್ರಬಂಧದ ದಿಕ್ಕನ್ನು ಆರಿಸಿದ್ದು ಯಾರು?

ಹತ್ತು ಇಂಚಿನದಕ್ಕೆ ಹಣ ಸಾಲದು. ಸದ್ಯ ಝೆರಾಕ್ಸ್ ಅಂಗಡಿಯೇ ಗತಿ. ಮುಂದಿನ ಕಂತಿಗೆ ಕಾಯುತ್ತಿದ್ದೇನೆ.