ಕೊಲ್ಲಾಪುರ ಸೀಮೆಯ ಹೊಸ್ತಿಲುಗಳು

ಕೊಲ್ಲಾಪುರದ ಹಳೆಯ ಪೇಠೆಗಳಲ್ಲಿ ನಡೆಯುವವರ ಕಣ್ಣಿಗೆ ಮೊದಲು ಬೀಳುವುದು ಮನೆಗಳ ಎತ್ತರದ ಕಟ್ಟೆ. ಬೀದಿಯಿಂದ ಮೂರು ನಾಲ್ಕು ಕಲ್ಲುಮೆಟ್ಟಿಲು, ಮೇಲೆ ಮರದ ಹೊಸ್ತಿಲು, ಒಳಗೆ ಪಡಸಾಲೆ, ಅದರ ಮೂಲೆಯಿಂದ ಮಾಳಿಗೆಗೆ ಏರುವ ಕಡಿದಾದ ಏಣಿಮೆಟ್ಟಿಲು. ಮಳೆನೀರನ್ನೂ ತೇವವನ್ನೂ ಹೊರಗಿಡಲು ಹಿರಿಯರು ಕಂಡುಕೊಂಡ ಉಪಾಯವಿದು. 2019 ಮತ್ತು 2021ರಲ್ಲಿ ಪಂಚಗಂಗೆಯ ಮಹಾಪೂರ ಕಂಡ ಊರು ಈ ಎತ್ತರವನ್ನು ತಪ್ಪೆನ್ನಲಾರದು. ಆದರೆ ಇಪ್ಪತ್ತರಲ್ಲಿ ಆ ಮೆಟ್ಟಿಲುಗಳನ್ನು ಓಡುತ್ತ ಏರಿದವರೇ ಎಂಬತ್ತರಲ್ಲಿ ಒಳಗೆ ಸಿಕ್ಕಿಬೀಳುತ್ತಾರೆ. ಆಗ ಮನೆಯೇ ಸೆರೆಯಾಗುತ್ತದೆ.

ಮನೆ ಯಾರಿಗಾಗಿ ಎಂಬ ಪ್ರಶ್ನೆ ಈ ನಗರಕ್ಕೆ ಹೊಸದಲ್ಲ. ಓದಲು ಬಂದ ಹಳ್ಳಿಯ ಮಕ್ಕಳಿಗೆ ತಂಗಲು ನೆಲೆಯಿಲ್ಲದಿದ್ದಾಗ, ಶಾಹೂ ಮಹಾರಾಜರ ಆಶ್ರಯದಲ್ಲಿ 1901ರಿಂದ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿನಿಲಯಗಳು ಇಲ್ಲಿ ಎದ್ದು ನಿಂತವು. ಆ ಪರಂಪರೆಯನ್ನು ಇನ್ನೊಂದು ದಿಕ್ಕಿಗೆ ಬೆಳೆಸಿದವರು ನಸೀಮಾ ಹುರ್ಜುಕ್. ಹದಿಹರೆಯದಲ್ಲಿಯೇ ಕಾಲುಗಳ ಸ್ವಾಧೀನ ಕಳೆದುಕೊಂಡ ಅವರು, ಸಂಗಡಿಗರೊಡನೆ 1984ರಲ್ಲಿ ‘ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್’ ಸಂಸ್ಥೆಯನ್ನು ಕಟ್ಟಿದರು. ಅವರ ಮರಾಠಿ ಆತ್ಮಕಥೆಯ ಹೆಸರು ‘ಚಾಕಾಚೀ ಖುರ್ಚಿ’, ಅಂದರೆ ಗಾಲಿಕುರ್ಚಿ. ನಗರದ ಅಂಚಿನ ಉಚಗಾಂವದಲ್ಲಿ ಸಂಸ್ಥೆಯು ಅಂಗವಿಕಲ ಮಕ್ಕಳಿಗಾಗಿ ಕಟ್ಟಿದ ವಸತಿಗೆ ‘ಘರೌಂದಾ’ ಎಂಬ ಹೆಸರು, ಅಂದರೆ ಪುಟ್ಟ ಮನೆ. ದೇಹ ಕಟ್ಟಡಕ್ಕೆ ಹೊಂದಿಕೊಳ್ಳಲಿ ಎಂದು ಕಾಯದೆ, ಕಟ್ಟಡವನ್ನೇ ದೇಹಕ್ಕೆ ಹೊಂದಿಸಬೇಕು ಎಂಬುದೇ ಈ ಹೆಸರಿನ ಹಿಂದಿನ ವಿಚಾರ.

ಈ ವಿಚಾರವನ್ನು ಪೇಠೆಯ ಮನೆಗೆ ತರುವಾಗ ಲೆಕ್ಕ ಕಠಿಣವಾಗುತ್ತದೆ. ಗಾಲಿಕುರ್ಚಿ ಸುರಕ್ಷಿತವಾಗಿ ಏರಲು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೂರು ಅಡಿಯ ಕಟ್ಟೆಗೆ ಮೂವತ್ತಾರು ಅಡಿಯಾಯಿತು. ಓಣಿಯಲ್ಲಿ ಅಷ್ಟು ಜಾಗವಿಲ್ಲದಿದ್ದರೆ, ಹಿತ್ತಿಲ ಕಡೆಯಿಂದ ಮಡಿಚಿ ತರಬೇಕಾಗುತ್ತದೆ. ಅದೂ ಆಗದಿದ್ದಲ್ಲಿ ಮೆಟ್ಟಿಲಿನ ಎರಡೂ ಬದಿಗೆ ಹಿಡಿಕಂಬಿ ಹಾಕಿಸಿ, ಹಿರಿಯರ ಮಲಗುವ ಕೋಣೆಯನ್ನೂ ಬಚ್ಚಲನ್ನೂ ಕೆಳಗೇ ಮಾಡುವುದು ಉಳಿದ ದಾರಿ.

ಕೊಲ್ಲಾಪುರದ ಪೂರ್ವಕ್ಕಿರುವ ಇಚಲಕರಂಜಿಯಲ್ಲಿ ಸಮಸ್ಯೆಯ ರೂಪ ಬೇರೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಊರಿದು. ಕೆಳಗೆ ಮಗ್ಗ, ಮೇಲೆ ಸಂಸಾರ ಇರುವ ಕಡೆ ನೆಲಮಹಡಿ ದುಡಿಮೆಯದು, ಮೆಟ್ಟಿಲು ಮೊಣಕಾಲು ಸವೆದವರ ಪಾಲು. ಮಗ್ಗದ ಸದ್ದಿನಲ್ಲಿ ದಶಕಗಳನ್ನು ಕಳೆದವರ ಕಿವಿಯೂ ಮಂದವಾಗುತ್ತದೆ. ಅಂಥವರ ಮನೆಯಲ್ಲಿ ಕರೆಗಂಟೆಯ ಜೊತೆಗೆ ಮಿನುಗುವ ದೀಪವೊಂದು ಬೇಕು.

ನಿಪ್ಪಾಣಿ ದಾಟಿ ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಹಿರಣ್ಯಕೇಶಿ ದಡದ ಗಡಹಿಂಗ್ಲಜ. ಕನ್ನಡ ಮರಾಠಿಗಳೆರಡೂ ಕೇಳಿಬರುವ ಈ ಸೀಮೆಯಲ್ಲಿ ಹೊಸ್ತಿಲು ಬರಿಯ ಮರದ ತುಂಡಲ್ಲ, ಅರಿಸಿನ ಕುಂಕುಮ ಪಡೆಯುವ ಲಕ್ಷ್ಮಿಯ ನೆಲೆ. ಅದನ್ನು ಕಿತ್ತುಹಾಕಿ ಎಂದರೆ ಯಾವ ಅಜ್ಜಿಯೂ ಒಪ್ಪಲಾರಳು, ಒಪ್ಪಬೇಕಾಗಿಯೂ ಇಲ್ಲ. ಮರದ ಪಟ್ಟಿಯನ್ನು ನೆಲಕ್ಕೆ ಸಮನಾಗಿ ಕೂರಿಸಿದರೆ ಪೂಜೆ ನಿಲ್ಲುವುದಿಲ್ಲ, ಕಾಲೂ ಎಡವುವುದಿಲ್ಲ. ಅಂಬೆಗಾಲಿಡುವ ಕೂಸಿಗೂ ಕೋಲೂರುವ ಅಜ್ಜಿಗೂ ಆ ಸಮನೆಲ ಒಂದೇ ಬಗೆಯ ಉಪಕಾರ.

ಬಚ್ಚಲಿನ ಮಾತು ಇನ್ನೂ ಮುಖ್ಯ. ಒದ್ದೆಯಾದ ನುಣುಪು ಫರಸಿಯ ಬದಲು ಒರಟು ಮೈಯ ಕಲ್ಲು, ಗೋಡೆಗೆ ಭದ್ರವಾದ ಹಿಡಿಕೆ, ಮೂರು ಅಡಿ ಅಗಲದ ಬಾಗಿಲು, ಒಳಗೆ ಗಾಲಿಕುರ್ಚಿ ತಿರುಗಲು ಐದು ಅಡಿ ಜಾಗ ಬೇಕು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ಮೈಯೇ ಅಡ್ಡಬಂದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗದು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಜನ ಬಳಸುವ ಕಟ್ಟಡಗಳ ಕಡೆ ಗಮನ ಕೊಟ್ಟಿದೆ. ಸ್ವಂತ ಮನೆಯ ಒಳಗನ್ನು ತೀರ್ಮಾನಿಸುವವರು ಮನೆಯವರು ಮತ್ತು ಗವಂಡಿ. ಪಾಯಕ್ಕೆ ದಾರ ಹಿಡಿಯುವ ದಿನವೇ ಈ ಅಳತೆಗಳನ್ನು ಹೇಳಿಬಿಟ್ಟರೆ ಖರ್ಚು ಹೆಚ್ಚೇನೂ ಆಗದು. ಮುಂದೆ ಗೋಡೆ ಒಡೆದು ಸರಿಪಡಿಸುವುದೇ ದುಬಾರಿ. ವಾಸ್ತು ಕೇಳುವಷ್ಟೇ ಆಸ್ಥೆಯಿಂದ, ಮನೆಯ ಅತಿ ಹಿರಿಯರನ್ನೂ ಅತಿ ಕಿರಿಯರನ್ನೂ ನೆನೆದು ನಕ್ಷೆ ನೋಡುವುದು ಆ ದಿನದ ಕೆಲಸ.