ತೂಗುಮಣೆಯ ಕೊಂಡಿ

ಬೇಸಿಗೆ ರಜೆಯಲ್ಲಿ ಮೊದಲ ಸಲ ವಿಮಾನ ಹತ್ತಿ ಬಂದ ಮೊಮ್ಮಗಳು, “ತಾತ, ನಮ್ಮನೆ ಕಿಟಕಿಗೆ ಮೂಲೆ ಇದೆ, ವಿಮಾನದ ಕಿಟಕಿಗೆ ಯಾಕಿಲ್ಲ?” ಎಂದಳು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಆದರೂ ತಾತ ಅನ್ನಿಸಿಕೊಂಡ ಮೇಲೆ ಸುಮ್ಮನಿರಲಾದೀತೆ? ಗ್ರಂಥಾಲಯಕ್ಕೆ ಹೋಗಿ ಓದಿಕೊಂಡು ಬಂದೆ.

1952ರಲ್ಲಿ ಬ್ರಿಟನ್ನಿನ ‘ಕಾಮೆಟ್’ ಪ್ರಯಾಣಿಕರನ್ನು ಹೊತ್ತ ಮೊದಲ ಜೆಟ್ ವಿಮಾನವಾಗಿ ಓಡಾಟ ಶುರು ಮಾಡಿತು. 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು, ಇಟಲಿಯ ಬಳಿ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಯಾರೂ ಉಳಿಯಲಿಲ್ಲ. ಕಾರಣ ತಿಳಿಯಲು ಫಾರ್ನ್‌ಬರೋದ ವಿಜ್ಞಾನಿಗಳು ಒಂದು ಕಾಮೆಟ್ಟನ್ನೇ ನೀರಿನ ತೊಟ್ಟಿಯೊಳಗಿಟ್ಟರು. ಮೇಲೆ ಹಾರಿದಾಗ ಒಳಗಿನ ಗಾಳಿ ವಿಮಾನದ ಮೈಯನ್ನು ಬಲೂನಿನ ಹಾಗೆ ಹೊರಕ್ಕೆ ಒತ್ತುತ್ತದೆ; ಇಳಿದಾಗ ಸಡಿಲವಾಗುತ್ತದೆ. ಅದನ್ನೇ ನೀರಿನ ಒತ್ತಡದಿಂದ ಮತ್ತೆ ಮತ್ತೆ ಮಾಡಿದರು. ಹಿಂದೆ ಹಾರಿದ್ದೂ ಸೇರಿ ಸುಮಾರು 3,000 ಸಲಕ್ಕೆ ಮೈ ಬಿರಿಯಿತು. ಬಿರುಕು ಹೊರಟದ್ದು ಚೌಕನೆಯ ಕಂಡಿಯ ಮೂಲೆಯಿಂದ. ಒಂದನೇ ತಾರೀಕು ಪಿಂಚಣಿಯವರೆಲ್ಲ ಒಂದೇ ಕೌಂಟರಿಗೆ ಮುಗಿಬಿದ್ದಂತೆ, ಮೂಲೆಯಲ್ಲಿ ಒತ್ತಡವೆಲ್ಲ ಬಂದು ಸೇರುತ್ತದೆ. ದುಂಡಗಿದ್ದರೆ ಹಂಚಿಹೋಗುತ್ತದೆ.

ಇದಕ್ಕೆ ಲೋಹದ ದಣಿವು ಎನ್ನುತ್ತಾರಂತೆ. ಮೊಮ್ಮಗಳಿಗೆ ಒಂದು ಜೆಮ್ ಕ್ಲಿಪ್ ಬಿಡಿಸಿ ಕೊಟ್ಟೆ. ಒಮ್ಮೆ ಬಗ್ಗಿಸಿದರೆ ಏನೂ ಆಗಲಿಲ್ಲ. ಹಿಂದೆ ಮುಂದೆ ಬಗ್ಗಿಸುತ್ತಾ ಎಣಿಸಿದಳು. 11ನೆಯ ಸಲಕ್ಕೆ ಪಟಕ್ಕನೆ ತುಂಡಾಯಿತು.

ನೋಡುತ್ತಿದ್ದ ನಮ್ಮ ಮನೆಯವಳು, “ರೀ, ಹಾಗಾದ್ರೆ ನಮ್ಮ ತೂಗುಮಣೆ ಕೊಂಡಿ?” ಎಂದಳು.

ಅದು ಕಿರ್ ಎನ್ನುತ್ತದೆ ಎಂದು ಆರು ತಿಂಗಳಿಂದ ಹೇಳುತ್ತಲೇ ಇದ್ದಳು. “40 ವರ್ಷ ಮುರಿಯದ್ದು ಈಗ ಮುರಿಯುತ್ತದೆಯೇ?” ಎಂದು ನಾನು ಪೇಪರು ಓದುತ್ತಿದ್ದೆ. ಹಳೆಯ ಖಾತೆದಾರರನ್ನು ನಂಬುವ ಬ್ಯಾಂಕಿನ ಬುದ್ಧಿ. ಆ 40 ವರ್ಷವೂ ಕೊಂಡಿಗೆ ಬರೀ ಖರ್ಚೇ ಬೀಳುತ್ತಿತ್ತು, ಜಮೆ ಇರಲಿಲ್ಲ ಎಂಬುದು ಲೆಕ್ಕ ಬರೆಯುವವನಿಗೇ ಹೊಳೆದಿರಲಿಲ್ಲ!

ಮಧ್ಯಾಹ್ನವೇ ಇಳಿಸಿದೆ. ಭೂತಗನ್ನಡಿಯಲ್ಲಿ ನೋಡಿದರೆ, ಸರಪಳಿ ಉಜ್ಜಿ ಸವೆದ ಬಾಗಿನಲ್ಲಿ ಕೂದಲಿನಷ್ಟು ತೆಳುವಾದ ಕಪ್ಪು ಗೆರೆ. ವೆಲ್ಡಿಂಗ್ ಅಂಗಡಿಯ ಹುಡುಗ ಸುತ್ತಿಗೆಯಿಂದ ಒಂದೇ ಏಟು ಕೊಟ್ಟ, ಎರಡು ತುಂಡಾಯಿತು. ಮುರಿದ ಜಾಗದ ಅರ್ಧಕ್ಕಿಂತ ಹೆಚ್ಚು ಭಾಗ ಹಳೆಯ ತುಕ್ಕು ಹಿಡಿದು ಕಪ್ಪಗಿತ್ತು. ಉಳಿದದ್ದು ಮಾತ್ರ ಹೊಸ ಕಬ್ಬಿಣದಂತೆ ಹೊಳೆಯುತ್ತಿತ್ತು. ಇಷ್ಟು ದಿನ ನಮ್ಮನ್ನೆಲ್ಲ ಹೊತ್ತದ್ದು ಅದಷ್ಟೇ.

ಅಂದು ಬೆಳಗ್ಗೆ ಮೊಮ್ಮಗಳು ಆ ಮಣೆಯ ಮೇಲೆ ನಿಂತು ಜೀಕಿದ್ದಳು.