ಮೂರು ಜನ, ಒಂದು ಟೆಂಟು, ಸುಪೀರಿಯರ್ ಸರೋವರ

ಕಾಲೇಜು ಬಿಟ್ಟು ಮೂರು ವರ್ಷ ಆಯ್ತು. 'ಅಣ್ಣಾ, ಮ್ಯಾಗಜೀನಿಗೆ ಏನಾದ್ರೂ ಬರ್ಕೊಡಿ' ಅಂತ ಕನ್ನಡ ಸಂಘದ ಹುಡುಗರು ಕೇಳಿದಾಗ ಎಂಎಸ್ ಬಗ್ಗೆ ಬರೆಯೋಣ ಅಂದುಕೊಂಡೆ. ಅದನ್ನ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಚಳಿಯ ಬಗ್ಗೆ ಬರೀತೀನಿ.

ಅಮೆರಿಕದ ಉತ್ತರದ ತುದಿಯಲ್ಲಿರುವ ಮಿನ್ನೆಸೋಟದಲ್ಲಿ ನಾವು ಮೂವರು ಒಂದೇ ರೂಮಿನಲ್ಲಿದ್ದೆವು. ನಾನು, ಹಾಸನ, ಶಿರಸಿ. (ಹಾಸ್ಟೆಲಿನಲ್ಲಿ ಊರಿನ ಹೆಸರೇ ನಮ್ಮ ಹೆಸರಾಗಿತ್ತು, ಇಲ್ಲೂ ಹಾಗೇ ಇರಲಿ.) ಹಾಸನ ಡಿಗ್ರಿ ಮುಗಿಸಿದ್ದ, ಕೆಲಸ ಸಿಕ್ಕಿರಲಿಲ್ಲ. ಓದು ಮುಗಿದ ಮೇಲೆ ಕೆಲಸ ಮಾಡೋಕೆ ಸಿಗುವ ಓಪಿಟಿ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಖಾಲಿ ಕೂರುವ ಹಾಗಿಲ್ಲ. ಅವನದು 83ನೇ ದಿನ. ಮುಂದಿನ ವಾರಕ್ಕೆ ಟಿಕೆಟ್ ಬುಕ್ ಆಗಿತ್ತು. ಆದರೆ ಮನೇಲಿ 'ಕೆಲಸ ಸಿಕ್ಕಿದೆ, ದಸರಾಕ್ಕೆ ರಜೆ ಹಾಕಿ ಬರ್ತೀನಿ' ಅಂತ ಹೇಳಿಬಿಟ್ಟಿದ್ದ. ಅವರಪ್ಪ ಆ ಸುದ್ದಿಯನ್ನ ಊರಿಗೆಲ್ಲ ಹಂಚಿದ್ದರು. ಸಾಲ ಕೊಟ್ಟ ಬ್ಯಾಂಕಿನ ಮ್ಯಾನೇಜರಿಗೂ.

'ಹೋಗೋಕೆ ಮುಂಚೆ ಆ ದೊಡ್ಡ ಕೆರೆ ನೋಡ್ಬೇಕು ಕಣೋ' ಅಂದ. ಸೆಪ್ಟೆಂಬರ್ ಕೊನೆಯ ಶನಿವಾರ ಶಿರಸಿಯ ಹಳೇ ಕಾರಿನಲ್ಲಿ ಹೊರಟೆವು.

ಮಿನ್ನಿಯಾಪೊಲಿಸ್‌ನಿಂದ ಡುಲುತ್ ಸುಮಾರು 250 ಕಿಲೋಮೀಟರ್. ಅಲ್ಲಿಂದ ಹೈವೇ 61 ಸರೋವರದ ದಂಡೆ ಹಿಡಿದು ಕೆನಡಾ ಗಡಿಯ ತನಕ ಹೋಗುತ್ತೆ. ಸುಪೀರಿಯರ್ ಸರೋವರದ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚೇ. ಅಲೆ ಇದೆ, ಹಡಗು ಇದೆ, ಆಚೆ ದಡ ಕಾಣಲ್ಲ. ಹಾಸನ ಬಗ್ಗಿ ಬೊಗಸೆಯಲ್ಲಿ ನೀರು ತಗೊಂಡು ಬಾಯಿಗೆ ಹಾಕ್ಕೊಂಡು, 'ಲೋ, ಉಪ್ಪೇ ಇಲ್ಲ!' ಅಂತ ಕೂಗಿದ. ಕೈ ಹತ್ತು ನಿಮಿಷ ಮರಗಟ್ಟಿತ್ತು.

ಸ್ಪ್ಲಿಟ್ ರಾಕ್ ಲೈಟ್‌ಹೌಸನ್ನ ಕೆಳಗಿನ ದಂಡೆಯಿಂದಲೇ ನೋಡಿದೆವು. 1905ರ ನವೆಂಬರ್ ಬಿರುಗಾಳಿಯಲ್ಲಿ ಎಷ್ಟೋ ಹಡಗುಗಳು ಹಾಳಾದ ಮೇಲೆ ಕಟ್ಟಿ, 1910ರಲ್ಲಿ ದೀಪ ಹಚ್ಚಿದ್ದು. ಒಳಗೆ ಹೋಗೋಕೆ ತಲೆಗೊಂದು ಟಿಕೆಟ್. ಬೇಡ ಅಂದ್ವಿ.

ರಾತ್ರಿಗೆ ಸುಪೀರಿಯರ್ ನ್ಯಾಷನಲ್ ಫಾರೆಸ್ಟ್. ಅಲ್ಲಿ ಕಾಡಿನೊಳಗೆ ಟೆಂಟ್ ಹಾಕೋಕೆ ದುಡ್ಡು ಕೊಡಬೇಕಿಲ್ಲ, ಒಂದಷ್ಟು ನಿಯಮ ಪಾಲಿಸಿದರೆ ಸಾಕು. ಸೌದೆ ಊರಿಂದ ಒಯ್ಯಬಾರದು, ಮರ ಕೊರೆಯುವ ಹುಳ ಅದರ ಜೊತೆ ಹೊಸ ಕಾಡಿಗೆ ಹೋಗುತ್ತೆ ಅಂತ. ಹಾಗಾಗಿ ದಾರಿಯಲ್ಲೇ ಎರಡು ಕಟ್ಟು ಕೊಂಡೆವು. ಪುಳಿಯೋಗರೆ ತಿಂದು, ಕರಡಿ ಬರಬಾರದು ಅಂತ ಡಬ್ಬಿಗಳನ್ನೆಲ್ಲ ಕಾರಿನಲ್ಲಿಟ್ಟು ಲಾಕ್ ಮಾಡಿ ಮಲಗಿದೆವು.

ನಿದ್ದೆ ಎಲ್ಲಿಂದ ಬರಬೇಕು! ನಮ್ಮ 25 ಡಾಲರಿನ ಸ್ಲೀಪಿಂಗ್ ಬ್ಯಾಗಿನ ಮೇಲೆ 40 ಡಿಗ್ರಿ ಫ್ಯಾರನ್‌ಹೀಟ್ ಅಂತ ಬರೆದಿತ್ತು, ಸುಮಾರು 4 ಸೆಲ್ಸಿಯಸ್. ಅಗ್ಗದ ಬ್ಯಾಗುಗಳಲ್ಲಿ ಆ ಸಂಖ್ಯೆ ಹಾಯಾಗಿ ಮಲಗುವ ಮಟ್ಟ ಅಲ್ಲ, ಹೇಗೋ ತಡ್ಕೊಳ್ಳುವ ಕೊನೇ ಮಟ್ಟ. ಅದೂ ಅಲ್ದೆ, ಮೈ ಭಾರಕ್ಕೆ ಕೆಳಗಿನ ಹತ್ತಿ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೋದರೆ ಶಾಖವೆಲ್ಲ ನೆಲಕ್ಕೆ. ಕಂಡಕ್ಷನ್! ಹೀಟ್ ಟ್ರಾನ್ಸ್‌ಫರ್‌ನಲ್ಲಿ ನನಗೆ ಬ್ಯಾಕ್‌ಲಾಗ್ ಇತ್ತು ಅನ್ನೋದು ನಿಮ್ಮ ಲೆಕ್ಚರರ್‌ಗಳಿಗೆ ಇನ್ನೂ ನೆನಪಿರಬಹುದು. ನನಗೂ ಹಾಸನಕ್ಕೂ ಯೋಗಾ ಮ್ಯಾಟ್ ಇತ್ತು. ಮ್ಯಾಟ್ ಸಿಗದ ಶಿರಸಿ ರಟ್ಟಿನ ಡಬ್ಬ ಬಿಚ್ಚಿ ಎರಡು ಪದರ ಹಾಸ್ಕೊಂಡಿದ್ದ. ಗೊರಕೆ ಹೊಡೀತಿದ್ದ.

ಎರಡು ಗಂಟೆಗೆ ಹಾಸನವೂ ನಾನೂ ಎದ್ದು ಕಾರಿನಲ್ಲಿ ಕೂತೆವು. ಡ್ಯಾಶ್‌ಬೋರ್ಡಿನಲ್ಲಿ 31 ಅಂತ ತೋರಿಸ್ತಿತ್ತು, ಸೊನ್ನೆಗಿಂತ ಕೆಳಗೆ. ಹತ್ತು ನಿಮಿಷ ಹೀಟರ್ ಹಾಕೋದು, ಪೆಟ್ರೋಲ್ ನೆನಪಾಗಿ ಆಫ್ ಮಾಡೋದು. ಆ ಕತ್ತಲಲ್ಲಿ ಅವನು ಶುರು ಮಾಡಿದ.

'127 ಕಡೆ ಅಪ್ಲೈ ಮಾಡಿದೀನಿ ಮಗಾ. ಸುಳ್ಳು ಹೇಳಿದ ದಿನ ಒಂದು ಕಡೆ ಫೈನಲ್ ರೌಂಡ್ ಆಗಿತ್ತು. ಸಿಕ್ಕೇ ಸಿಗುತ್ತೆ ಅಂದ್ಕೊಂಡು ಒಂದು ವಾರ ಮುಂಚೆ ಹೇಳಿಬಿಟ್ಟೆ, ಅಷ್ಟೇ.'

ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ನನಗೆ ಅಷ್ಟರಲ್ಲಿ ಕೆಲಸ ಸಿಕ್ಕಿತ್ತು. ಅದೇ ತೊಂದರೆ. ಸಿಕ್ಕವನ ಬಾಯಿಂದ ಬರುವ ಸಮಾಧಾನ ಕಿವಿಗೆ ಹೇಗೆ ಕೇಳುತ್ತೆ ಅಂತ ನನಗೂ ಗೊತ್ತು. ಸುಮ್ಮನೆ ಹೀಟರ್ ಹಾಕಿದೆ. ಆ ಸಲ ಆಫ್ ಮಾಡಲಿಲ್ಲ.

ಬೆಳಗ್ಗೆ ಸ್ಟವ್ ಉರಿಯಲಿಲ್ಲ. ಬ್ಯೂಟೇನ್ ಕುದಿಯುವುದೇ ಮೈನಸ್ ಅರ್ಧ ಡಿಗ್ರಿಯ ಹತ್ತಿರ, ಅದಕ್ಕಿಂತ ಚಳಿಯಾದರೆ ಕ್ಯಾನಿನಲ್ಲಿ ದ್ರವವಾಗೇ ಕೂರುತ್ತೆ. ಹಾಸನ ಆ ಕ್ಯಾನನ್ನ ಜಾಕೆಟ್ಟಿನೊಳಗೆ ಹಾಕ್ಕೊಂಡು, ಮಗು ಎತ್ಕೊಂಡ ಹಾಗೆ ಕಾಲು ಗಂಟೆ ಓಡಾಡಿದ. ಆಮೇಲೆ ಉರೀತು. ಎಂಟಿಆರ್ ಉಪ್ಪಿಟ್ಟು ಅಷ್ಟು ರುಚಿ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಗ್ರ್ಯಾಂಡ್ ಮರೇ ಊರು ಬಂದಾಗ ಫೋನಿಗೆ ಸಿಗ್ನಲ್ ಬಂತು. ಒಂಬತ್ತು ಗಂಟೆ, ಹಾಸನದಲ್ಲಿ ಸಂಜೆ ಏಳೂವರೆ. 'ಕಾರ್ ನಿಲ್ಸು' ಅಂದ. ದಂಡೆಯ ಕಲ್ಲುಗಳ ಮೇಲೆ ನಡೀತಾ ದೂರ ಹೋದ. ನಾವಿಬ್ಬರೂ ಕೆಂಪು ಗೆರೆಯ ಅಗೇಟ್ ಕಲ್ಲು ಹುಡುಕುವ ಹಾಗೆ ನಟಿಸ್ತಾ ಅವನ ಬೆನ್ನನ್ನೇ ನೋಡ್ತಿದ್ದೆವು. ಒಮ್ಮೆ ಕೂತ. ಎದ್ದ. ಸುಮಾರು ನಲವತ್ತು ನಿಮಿಷ.

ವಾಪಸ್ ಬಂದಾಗ ಮೂಗು ಕೆಂಪಾಗಿತ್ತು. ಚಳಿಗೆ ನಮ್ಮದೂ ಆಗಿತ್ತು.

'ಏನಂದ್ರು ನಿಮ್ಮಪ್ಪ?' ಶಿರಸಿ ಕೇಳಿದ.

'ಮೊದ್ಲು ಏನೂ ಅನ್ಲಿಲ್ಲ. ಆಮೇಲೆ ಬೈದ್ರು. ಸುಳ್ಳು ಹೇಳಿದ್ದಕ್ಕೆ. ಬ್ಯಾಂಕಿನವರ ಹತ್ರ ನಾಳೆ ನಾನೇ ಹೋಗ್ತೀನಿ, ನೀನು ಬಾ ಅಂದ್ರು.' ಸ್ವಲ್ಪ ಹೊತ್ತು ಬಿಟ್ಟು, 'ಬರ್ತಾ ಆ ಕೆರೆ ಫೋಟೋ ಕಳ್ಸು ಅಂದ್ರು' ಅಂದ.

ಪೆಟ್ರೋಲು, ಬ್ಯಾಗು, ಸೌದೆ, ಊಟ ಎಲ್ಲ ಸೇರಿ ತಲೆಗೆ 62 ಡಾಲರ್ ಬಿತ್ತು. ಹಾಸನ ತನ್ನ ಪಾಲು ಇನ್ನೂ ಕೊಟ್ಟಿಲ್ಲ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕೇಳಿದರೆ, 'ಊರಿಗೆ ಬಾ, ಊಟ ಕೊಡಿಸ್ತೀನಿ' ಅಂತಾನೆ.